ಅಂಟಿಸಿದ ಹಾಳೆ

ಅಪ್ಪನಿಗೆ ಮಗಳ ನಮಸ್ಕಾರ.

ಗ್ರಂಥಾಲಯದ ಆ ಹಳೆಯ ಇಂಗ್ಲಿಷ್ ಪುಸ್ತಕಕ್ಕೆ ರಟ್ಟು ಹಾಕಿ ಎಂದರೆ ನೀವು ಹೊಲಿಗೆಯನ್ನೇ ಬಿಚ್ಚಿದ್ದಿರಿ. ಬೈಂಡಿಂಗ್ ಅಂಗಡಿಯಲ್ಲಿ ಗಿರಾಕಿಗಳ ಎದುರೇ ನಿಮ್ಮ ಮೇಲೆ ಹರಿಹಾಯ್ದೆ. ನೀವು ಒಂದು ಹಾಳೆ ಸವರಿ, "ಇದೊಂದು ಬೇರೆ ಕಾಗದ ಕಣಮ್ಮ. ಮೊದಲಿದ್ದದ್ದನ್ನ ಕತ್ತರಿಸಿ ತೆಗೆದು ಆಮೇಲೆ ಇದನ್ನ ಅಂಟಿಸಿದ್ದಾರೆ," ಅಂದಿರಿ. "ಇಂಗ್ಲಿಷ್ ಓದೋಕೆ ಬರದೋರು ಸುಮ್ಮನಿರಿ," ಅಂದುಬಿಟ್ಟೆ.

ಅದನ್ನು ಬರೆದ ಬ್ರಿಟಿಷ್ ಇತಿಹಾಸಕಾರ ಪುಸ್ತಕದುದ್ದಕ್ಕೂ ತನ್ನವರ ಯುದ್ಧವನ್ನು ಜರೆದು, ನೀವು ಸವರಿದ ಆ ಒಂದು ಹಾಳೆಯಲ್ಲಿ ಮಾತ್ರ ಅದೇ ಯುದ್ಧದ ಸೇನಾಪತಿಯನ್ನು ಹಾಡಿ ಹೊಗಳುತ್ತಾನೆ. ಅದು ಅವನ ಮನಸ್ಸಿನ ತೊಳಲಾಟ ಎಂದು ನಾನು ನಲವತ್ತು ಪುಟ ವಿಮರ್ಶೆ ಬರೆದಿದ್ದೆ. ನಿನ್ನೆ ಬೇರೆ ಊರಿಂದ ಅದೇ ಪುಸ್ತಕದ ಇನ್ನೊಂದು ಪ್ರತಿ ಬಂತು. ಅದರಲ್ಲಿ ಮೂಲ ಹಾಳೆ ಹಾಗೇ ಇದೆ. ಹೊಗಳಿಕೆ ಇಲ್ಲ, ಸೇನಾಪತಿ ಸುಡಿಸಿದ ಹನ್ನೊಂದು ಹಳ್ಳಿಗಳ ಹೆಸರುಗಳಿವೆ.

ನನ್ನ ನಲವತ್ತು ಪುಟ ರಟ್ಟಿಗೆ ಅಂಟಿಸಲು ಬಂದೀತು, ಇಟ್ಟುಕೊಳ್ಳಿ. ಆ ಪುಸ್ತಕವನ್ನು ಸದ್ಯ ಹೊಲಿಯಬೇಡಿ. ಸೋಮವಾರ ನಾನು ವಿಶ್ವವಿದ್ಯಾಲಯದ ನಮ್ಮ ವಿಭಾಗದಲ್ಲಿ ಈ ಪುಸ್ತಕದ ಬಗ್ಗೆ ಮಾತಾಡಬೇಕು. ಆ ಹಾಳೆಯನ್ನು ನೀವೇ ಬಂದು ಎಲ್ಲರಿಗೂ ತೋರಿಸಬೇಕು.

ಇದರ ಜೊತೆ ಇನ್ನೂ ಮೂರು ಇಂಗ್ಲಿಷ್ ಪುಸ್ತಕ ಕಳಿಸಿದ್ದೇನೆ. ನಾನು ಬರೆಯಲು ಕೂರುವ ಮೊದಲು ನೀವೊಮ್ಮೆ ಓದಿ ಹೇಳಿ, ಅಪ್ಪ.

ನಿಮ್ಮ ಮಗಳು