ಒಂದೇ ಬಾಟಲಿ

ಮಾರ್ಚ್ ೧೧, ಮಂಗಳವಾರ

ಭಾವಮೈದುನನ ನಗು ನನಗೆ ಹಿಡಿಸಲಿಲ್ಲ. ಅವನು ಬಿಯರ್ ತಯಾರಿಸುವವನು, ನಾನು ರುಚಿ ನೋಡುವವನು. ನೆಗಡಿಯಾದ ಮೇಲೆ ಮೂಗು ಕೈಕೊಟ್ಟಿದೆ. ಒಂದು ತಿಂಗಳಿಂದ, ಯಾರಿಗೂ ಹೇಳದೆ, ಅವನ ಮೂರು ಬಗೆಯ ಲಾಗರ್ ಬಿಯರ್‌ಗಳ ಬಣ್ಣ ನೋಡಿಯೇ ರುಚಿ ಬರೆಯುತ್ತಿದ್ದೇನೆ. ಇವತ್ತು ಮೂರನ್ನೂ ಕಪ್ಪು ಲೋಟಗಳಲ್ಲಿ ತಂದಿಟ್ಟ.

“ಸುಮ್ನೆ ತಮಾಷೆಗೆ, ಭಾವ.”

ತಿಳಿ ಬಣ್ಣದಿಂದ ಶುರುಮಾಡಿ ಕಪ್ಪಿಗೆ ಹೋಗುವುದು ನಮ್ಮ ವಾಡಿಕೆ. ಅದನ್ನೇ ನಂಬಿ, ಮೊದಲನೆಯದು ಹೊಂಬಣ್ಣದ್ದು, ಎರಡನೆಯದು ಕೆಂಪು, ಮೂರನೆಯದರಲ್ಲಿ ಹುರಿದ ಬಾರ್ಲಿಯ ಕಹಿ ಎಂದು ಗತ್ತಿನಿಂದ ಹೇಳಿದೆ. ಅವನು ತಲೆಯಾಡಿಸುತ್ತ ಬರೆದುಕೊಂಡ. ಹೊರಡುವಾಗ ನೋಡಿದರೆ, ಸಿಂಕಿನ ಪಕ್ಕ ಖಾಲಿಯಾಗಿದ್ದದ್ದು ಒಂದೇ ಬಾಟಲಿ.

ಉಳಿದೆರಡನ್ನು ಎತ್ತಿಟ್ಟಿದ್ದನೇನೋ. ಹಾಗಾದರೆ ಅದೊಂದನ್ನೇ ಏಕೆ ಬಿಟ್ಟ?

ಊಟ ಬಡಿಸಿ, ತಮ್ಮನ ಹಾಗೇ ನಕ್ಕು ಹೆಂಡತಿ ಕೇಳಿದಳು: “ಉಪ್ಪು ಸರಿಯಾಗಿದ್ಯಾ?”

ಹದಿನೆಂಟು ವರ್ಷದಲ್ಲಿ ಒಮ್ಮೆಯೂ ಕೇಳಿದವಳಲ್ಲ.