ಸುರಂಗ ಬೇಡದ ಬಂಗಾರ

ಪುಣೆ, 1936

ರುದ್ರಕ್ಕನಿಗೆ ತಮ್ಮ ಹೊಳಬಸಪ್ಪನ ಶರಣು. ಕಲ್ಲಿನ ಚೀಲದೊಡನೆ ಸುಖವಾಗಿ ಬಂದು ಮುಟ್ಟಿದೆ.

ಇಲ್ಲಿ ಭೂಗರ್ಭಶಾಸ್ತ್ರ ಕಲಿಸುವ ಮಾರ್ತಾಂಡರಾಯರು ನಮ್ಮ ಧಾರವಾಡದ ಕಡೆಯವರೇ. ನಿನ್ನೆ ಅವರು ನಮ್ಮ ಗುಡ್ಡದ ಕಲ್ಲುಗಳನ್ನು ಕುಟ್ಟಿ ಪುಡಿ ಮಾಡಿ, ಅಗಲವಾದ ತಟ್ಟೆಯಲ್ಲಿ ನೀರು ಹಾಕಿ ತೂಗಿ ತೂಗಿ ತೊಳೆದರು. ಕೊನೆಗೆ ಕಪ್ಪು ಮರಳಿನ ಅಂಚಿನಲ್ಲಿ ಹಳದಿ ಗೆರೆಯೊಂದು ಉಳಿಯಿತು. ಬಂಗಾರ, ಅಕ್ಕಾ! ಬಿಳಿ ಬೆಣಚುಕಲ್ಲಿನಲ್ಲಷ್ಟೇ ಅಲ್ಲ, ಕೆಲಸಕ್ಕೆ ಬಾರದೆಂದು ನಾವು ಬದುವಿಗೆ ಒಟ್ಟಿದ ಕರಿಗಲ್ಲಿನಲ್ಲೂ ಇದೆ.

ಸುರಂಗ ಕುಸಿದು ಅಪ್ಪ ಹೋದದ್ದನ್ನು ಹೇಳಿ, "ಮತ್ತ ಸುರಂಗಾನ ತೋಡಬೇಕೇನ್ರಿ?" ಎಂದು ಕೇಳಿದೆ.

"ಬ್ಯಾಡೋ ತಮ್ಮಾ. ಬಂಗಾರ ಮ್ಯಾಲೇ ಹರಡೇದ. ಗುಡ್ಡಾನ ಮ್ಯಾಲಿಂದ ಮೆಟ್ಟಲ ಮೆಟ್ಟಲ ಕಡಕೋತ ಇಳದ್ರ ಆತು. ತಲಿ ಮ್ಯಾಲೆ ಆಕಾಶ ಬಿಟ್ರ ಏನೂ ಇರೂದಿಲ್ಲ," ಎಂದರು. ನನ್ನ ಕಣ್ಣು ತುಂಬಿ ಬಂತು.

ಬಂಡವಾಳ ಹಾಕಲು ಇಲ್ಲಿಯ ಸಾಹುಕಾರರೊಬ್ಬರು ಒಪ್ಪಿದ್ದಾರೆ. ದೀಪಾವಳಿ ಮುಗಿದ ಮೇಲೆ ರಾಯರು ಗುಡ್ಡ ಅಳೆಯಲು ಬರುತ್ತಾರೆ. ಅವರ ಕೈಕೆಳಗೆ ಕೆಲಸಕ್ಕೆ ಸೇರುವೆನೆಂದು ಮಾತು ಕೊಟ್ಟಿದ್ದೇನೆ. ಸುರಂಗಕ್ಕೆ ಇಳಿಯಬಾರದೆಂದು ನೀನು ಹಾಕಿಸಿದ ಆಣೆಯನ್ನು ಮುರಿಯುವುದಿಲ್ಲ.

ಬಂದ ಹೊಸತರಲ್ಲಿ ನೆಗಡಿ ಹಿಡಿದಿತ್ತು, ಈಗ ಆರಾಮ. ಖಾನಾವಳಿಯ ಗಂಗೂಬಾಯಿ ಬೇಳೆಗೂ ಬೆಲ್ಲ ಹಾಕುತ್ತಾರೆ. ಯಾರಾದರೂ ಈ ಕಡೆ ಬಂದರೆ ಶೇಂಗಾ ಚಟ್ನಿ ಕೊಟ್ಟು ಕಳಿಸು.

ಸಿಟ್ಟಾಗಬೇಡ ಅಕ್ಕಾ. ಈ ಗಣಿ ನೀರಿಲ್ಲದ ಕೆರೆಯ ಹಾಗೆ ತೆರೆದಿರುತ್ತದೆ. ದಂಡೆಯ ಮೇಲೆ ಬಂದು ನಿಂತರೆ ಕೆಲಸ ಮಾಡುವ ನಾನು ನಿನಗೆ ಕಾಣುತ್ತೇನೆ. ನೀನು ಕೂಗಿದರೆ ಓಗೊಡುತ್ತೇನೆ.

ಅವಸರದಲ್ಲಿ,
ನಿನ್ನ ಹೊಳಬಸು