ಮುಷ್ಟಿಯ ಹೇಳಿಕೆ

ಜುಲೈ 4, ಶುಕ್ರವಾರ. ಬೆಳಿಗ್ಗೆ 6
ಮಕ್ಕಳ ಆಶ್ರಮದ ಗೀಸರ್ ಮತ್ತೆ ಕೆಟ್ಟಿದೆ. ಹನ್ನೊಂದು ಮಕ್ಕಳಿಗೆ ಒಲೆಯ ಮೇಲೆ ನೀರು ಕಾಯಿಸಬೇಕು. ಪ್ಲಂಬರ್ ಮೂರು ದಿನದಿಂದ ‘ಬಂದೆ ದೊಡ್ಡಮ್ಮ, ಬಂದೆ’ ಎನ್ನುತ್ತಿದ್ದಾನೆ. ಮೊದಲು ಅವನ ಬಾಯಿಗೆ ನಲ್ಲಿ ಹಾಕಿಸಬೇಕು.
ನಿನ್ನೆ ಸಂಜೆ ಮಹಿಳಾ ಪೇದೆ ಹೊಸ ಮಗು ತಂದು ಬಿಟ್ಟಳು. ಹೆಣ್ಣು. ನಾಲ್ಕು ವರ್ಷ. ಅದರ ಪಕ್ಕದ ಮನೆಯ ಟೈಲರ್ ಅಳು ಕೇಳಲಾರದೆ ಫೋನ್ ಮಾಡಿದ್ದಂತೆ. ಎರಡೂ ಕೈ ಬಿಗಿದುಕೊಂಡೇ ಇದೆ, ನಿದ್ದೆಯಲ್ಲೂ. ಸ್ನಾನ ಮಾಡಿಸುವಾಗ ನೋಡಿದರೆ ಬೆರಳ ಗೆಣ್ಣುಗಳ ಮೇಲೆಲ್ಲ ಬಾಸುಂಡೆ. ಹಳೆಯದರ ಮೇಲೆ ಹೊಸದು. ಅಡುಗೆಯವಳು ‘ಮುಷ್ಟಿ’ ಎಂದು ಹೆಸರಿಟ್ಟಿದ್ದಾಳೆ.

ಅದೇ ದಿನ, ಮಧ್ಯಾಹ್ನ
ಮುಷ್ಟಿಯ ಮಲತಂದೆ ಗೇಟಿಗೆ ಬಂದ. ವ್ಯಾನ್ ಡ್ರೈವರ್.
‘ಅಮ್ಮಾ, ಅವಳಿಗೆ ಹಾಲಿಗೆ ಸಕ್ಕರೆ ಜಾಸ್ತಿ ಬೇಕು. ಇಲ್ಲಾಂದ್ರೆ ಕುಡಿಯಲ್ಲ.’
‘ಸಕ್ಕರೆ ನಾನು ಹಾಕ್ತೀನಿ. ನಿನಗೆ ಹಾಕೋದು ಬೇರೆ ಇದೆ. ನಡಿ.’
ಇಂಥವರ ಮುಖ ನನಗೆ ಗೊತ್ತು. ಇಪ್ಪತ್ತು ವರ್ಷದಿಂದ ನೋಡುತ್ತಿದ್ದೇನೆ.

ಜುಲೈ 5
ಇಲ್ಲಿ ಒಂದು ನಿಯಮ. ಹೊಡೆದದ್ದು ಯಾರು ಎಂದು ಮಗುವನ್ನು ನಾವು ಕೇಳಬಾರದು. ಕೌನ್ಸೆಲರ್ ಹುಡುಗಿಯೇ ಕೇಳಬೇಕು. ಅದೂ ಗೊಂಬೆ ಇಟ್ಟುಕೊಂಡು, ಯಾರ ಹೆಸರೂ ತಾನಾಗಿ ಎತ್ತದೆ. ಅವಳು ಬರುವುದು ಬುಧವಾರ. ಅಲ್ಲಿಯವರೆಗೆ ಆ ಡ್ರೈವರ್ ಹಾಯಾಗಿ ಓಡಾಡಿಕೊಂಡಿರಬೇಕೇನು?
ತಲೆ ಬಾಚುವಾಗ ಕೇಳಿಯೇಬಿಟ್ಟೆ. ‘ಅಪ್ಪ ಹೊಡೀತಾನಾ ಕಂದಾ?’ ಹೂಂ ಎಂದು ತಲೆಯಾಡಿಸಿತು. ‘ಅಪ್ಪಾನೇ ತಾನೇ?’ ಮತ್ತೆ ಆಡಿಸಿತು.
ರಿಜಿಸ್ಟರಿನಲ್ಲಿ ಬರೆದೆ — ‘ಮಗು ತಾನಾಗಿಯೇ ಹೇಳಿದೆ.’ ಸಹಿ ಹಾಕಿದೆ. ಪೇದೆಗೆ ಫೋನ್ ಮಾಡಿದೆ. ಸಂಜೆಯೊಳಗೆ ಅವನನ್ನು ಒಳಗೆ ಹಾಕಿದರು. ಊಟ ರುಚಿಸಿತು.

ಜುಲೈ 9, ಬುಧವಾರ
ಕೌನ್ಸೆಲರ್ ಹುಡುಗಿ ರಿಜಿಸ್ಟರ್ ಹಿಡಿದು ಬಂದಳು.
‘ದೊಡ್ಡಮ್ಮ, ತಾನಾಗಿಯೇ ಹೇಳಿದೆ ಅಂತ ಬರ್ದಿದೀರ. ಏನಂತ ಹೇಳ್ತು?’
‘ಹೇಳ್ತು. ನಿನ್ನ ಕೆಲಸ ನೀನು ನೋಡು.’
‘ನನ್ನ ಹತ್ರ ಒಂದು ಮಾತೂ ಆಡಿಲ್ಲ ಅದು.’
‘ನಿನ್ನ ಮುಖ ಹಾಗಿದೆ.’
ಓದಿದವರ ಕೊಬ್ಬು. ನಾನು ಓದಿದ್ದು ನಾಲ್ಕನೇ ಕ್ಲಾಸು. ಇವಳು ಹುಟ್ಟುವ ಮೊದಲೇ ಇಂಥ ಮಕ್ಕಳನ್ನು ಮಡಿಲಲ್ಲಿ ಮಲಗಿಸಿದವಳು.

ಜುಲೈ 14
ಮಕ್ಕಳ ಕಲ್ಯಾಣ ಸಮಿತಿಯಿಂದ ಆರ್ಡರ್. ಹೊಡೆದವನು ಒಳಗಿದ್ದಾನೆ, ಮನೆಯಲ್ಲಿ ಇನ್ನು ಅಪಾಯವಿಲ್ಲ, ಹದಿನೇಳರಂದು ಮಗುವನ್ನು ತಾಯಿಗೆ ಒಪ್ಪಿಸಿ.
ಮಧ್ಯಾಹ್ನ ತಾಯಿಯೇ ನೋಡಲು ಬಂದಳು. ಹೊಸ ಫ್ರಾಕ್, ಬಿಸ್ಕತ್ತು, ಕಣ್ಣೀರು. ಅಡುಗೆಯವಳೂ ಮೂಗೊರೆಸಿಕೊಂಡಳು.
‘ಬಾ ಪುಟ್ಟಿ’ ಎಂದಳು ತಾಯಿ. ಮುಷ್ಟಿ ಹೋಗಿ ಎದುರು ನಿಂತಿತು. ಎರಡೂ ಕೈ ಮುಂದೆ ಚಾಚಿತು, ಗೆಣ್ಣು ಮೇಲೆ ಮಾಡಿ. ಯಾರೂ ಹೇಳಿರಲಿಲ್ಲ. ಕಣ್ಣು ಮುಚ್ಚಿಕೊಂಡು ಕಾಯುತ್ತ ನಿಂತಿತು.
‘ಏನೇ ಇದು ಆಟ, ಎಲ್ಲರ ಮುಂದೆ...’ ತಾಯಿ ನಕ್ಕು ಕೈಗಳನ್ನು ಕೆಳಗೆ ಒತ್ತಿದಳು. ಆಮೇಲೆ ನನ್ನತ್ತ ನೋಡಿದಳು. ನಗು ಹೋಗಿತ್ತು.

ಅದೇ ದಿನ, ಸಂಜೆ
ಮುಷ್ಟಿಯನ್ನು ಪಕ್ಕದಲ್ಲಿ ಕೂರಿಸಿಕೊಂಡೆ.
‘ಅಡುಗೆ ಅಕ್ಕ ಹೊಡೆದ್ಲಾ?’ ತಲೆಯಾಡಿಸಿತು.
‘ಪ್ಲಂಬರ್ ಮಾಮ?’ ಆಡಿಸಿತು.
‘ನಾನು ಹೊಡೆದ್ನಾ?’
ಅದಕ್ಕೂ. ನನ್ನ ಮುಖವನ್ನೇ ನೋಡುತ್ತ... ಕೋಲೆಬಸವನ ಹಾಗೆ. ಹೂಂ ಎಂದರೆ ಏಟು ತಪ್ಪುತ್ತದೆಂದು ಕಲಿತ ಮಗು. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಊರಿಗೆಲ್ಲ ಹೇಳುತ್ತೇನೆ. ಥೂ ನನ್ನ ಬಾಯಿಗೆ.

ಜುಲೈ 16
ಕೌನ್ಸೆಲರ್‌ಗೆ ಎಲ್ಲ ಹೇಳಿದೆ. ಬೈಯಲಿಲ್ಲ. ಬೈದಿದ್ದರೆ ತಿರುಗಿ ಬೈದು ಹಗುರಾಗುತ್ತಿದ್ದೆ.
‘ಸುಳ್ಳು ಬರೆದೆ ಅಂತ ಸಮಿತಿಗೆ ಬರೆದು ಕೊಡ್ಬೇಕು ದೊಡ್ಡಮ್ಮ. ಆಶ್ರಮದ ಲೈಸೆನ್ಸ್ ಹೋಗ್ಬಹುದು.’
‘ಉಳಿದ ಮಕ್ಕಳು ಎಲ್ಲಿಗೆ ಹೋಗ್ಬೇಕು?’
ಅವಳು ಬಿಳಿ ಹಾಳೆ, ಪೆನ್ನು ನನ್ನ ಮುಂದಿಟ್ಟಳು.

ಜುಲೈ 17. ಬೆಳಿಗ್ಗೆ 9
ಬರೆದೆ. ಮೂರು ಸಲ ಹರಿದೆ. ನಾಲ್ಕನೆಯದು ಹೀಗಿದೆ: ‘ಮಗು ಏನೂ ಹೇಳಿಲ್ಲ. ಅಪ್ಪ ಎಂದದ್ದು ನಾನು. ಆ ಮನುಷ್ಯನನ್ನು ಬಿಡಿ. ತಾಯಿ ಬಂದಾಗ ಕಂಡದ್ದನ್ನು ಎದುರಿಗೆ ನಿಂತು ಹೇಳುತ್ತೇನೆ. ಅಲ್ಲಿಯವರೆಗೆ ಮಗುವನ್ನು ಕಳಿಸಬೇಡಿ.’ ಸಹಿ.
ಕೌನ್ಸೆಲರ್ ಸಮಿತಿ ಆಫೀಸಿಗೆ ಒಯ್ದಿದ್ದಾಳೆ. ಬಾಗಿಲು ತೆರೆಯುವುದು ಹತ್ತಕ್ಕೆ. ಮಗುವನ್ನು ಒಯ್ಯುವ ಗಾಡಿಯೂ ಹತ್ತಕ್ಕೆ.

9.40
ಗಾಡಿ ಆಗಲೇ ಬಂತು. ಯಾವತ್ತೂ ಹೊತ್ತಿಗೆ ಬಾರದ ದರಿದ್ರ ಗಾಡಿ. ಮುಂದೆ ಪೇದೆ, ಹಿಂದೆ ತಾಯಿ. ಗೇಟಿಗೆ ಬೀಗ ಹಾಕಿದ್ದೇನೆ.
‘ದೊಡ್ಡಮ್ಮ, ಆರ್ಡರ್ ಇದೆ, ತೆಗೀರಿ’ — ಪೇದೆ ಕೂಗುತ್ತಿದ್ದಾಳೆ.
ಇದೆ. ನನ್ನ ಸುಳ್ಳಿನ ಮೇಲೆ ಅವರ ಸೀಲು. ಕೂಗಲಿ. ಬೀಗ ಒಡೆಯಲಿ. ಸಮಿತಿಯವರು ನನ್ನ ಪತ್ರ ಓದಬೇಕು, ಹತ್ತೂವರೆಯವರೆಗೆ ತಡೆದರೆ ಸಾಕು.
ಮುಷ್ಟಿ ಬಾಗಿಲಲ್ಲಿ ನಿಂತಿದೆ. ಯಾರು ಹಾಕಿದ್ದು ಇದಕ್ಕೆ ಷೂ? ಇದು ಎಲ್ಲಿಗೂ ಹೋಗುತ್ತಿಲ್ಲ. ಮೊದಲು ಅದನ್ನು ಬಿಚ್ಚಿ —